ದೊಡ್ಡಮ್ಮನ ಸೀರೆ ಪುಟಕ್ಕೆ ಹ್ಯಾಶ್‌ಟ್ಯಾಗ್ ರಿಪೇರಿ

ಕಿನ್ನಿಗೋಳಿ ಕಡೆ ಇರುವ ನಮ್ಮ ದೊಡ್ಡಮ್ಮ ಉಡುಪಿ ಸೀರೆ ನೇಯುತ್ತಾರೆ. ಆ ಸೀರೆಗಳಿಗೆ ಒಂದು ಇನ್‌ಸ್ಟಾಗ್ರಾಮ್ ಪುಟ ಉಂಟು. ನೋಡಿಕೊಳ್ಳುವುದು ದೊಡ್ಡಮ್ಮನ ಮಗಳು, ನನಗೆ ಅಕ್ಕ. ಫೋಟೋಗಳು ಚೆನ್ನಾಗಿವೆ. ಸೀರೆಗಳು ಅದಕ್ಕಿಂತ ಚೆನ್ನಾಗಿವೆ. ಆದರೆ ಲೈಕ್ ಒತ್ತುವವರೆಲ್ಲ ನಮ್ಮ ನೆಂಟರು, ಅಕ್ಕನ ಕಾಲೇಜಿನ ಗೆಳತಿಯರು. ಹೊಸಬರು ಬರುವುದೇ ಇಲ್ಲ.

“ಮೂವತ್ತು ಟ್ಯಾಗ್ ಹಾಕಿದ್ರೂ ಯಾರೂ ಬರ್ಲಿಲ್ಲ. ಈಗ ಐದೇ ಹಾಕ್ಬೇಕಂತೆ. ಯಾವ ಐದು ಅಂತ ನೀನೇ ಹೇಳು ಮಾರಾಯ” ಎಂದು ಅಕ್ಕ ಫೋನ್ ಮಾಡಿದಳು. ಟ್ಯಾಗ್ ಅಂದರೆ ಹ್ಯಾಶ್‌ಟ್ಯಾಗ್, ಪೋಸ್ಟ್‌ನಲ್ಲಿ # ಗುರುತು ಹಚ್ಚಿ ಬರೆಯುವ ಪದ. ಅಲ್ಲಿಂದ ಕೆಲಸ ಶುರುವಾಯಿತು. ಏನೇನು ಬಿಚ್ಚಿದೆವು, ಏನು ತೆಗೆದೆವು, ಏನು ಜೋಡಿಸಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮನೆಯಲ್ಲಿ ಹಪ್ಪಳ ಮಾಡಿ ಮಾರುವವರಿಗೂ, ಮಣ್ಣಿನ ಪಾತ್ರೆ ಮಾಡುವವರಿಗೂ ಇದೇ ಲೆಕ್ಕ ಆಗುತ್ತದೆ.

ಬಿಚ್ಚಿ ನೋಡಿದಾಗ

ಅಕ್ಕನ ಫೋನಿನ ನೋಟ್ಸ್‌ನಲ್ಲಿ ಟ್ಯಾಗ್‌ಗಳ ಒಂದು ಕಟ್ಟು ಇತ್ತು. ಯಾವ ಸೀರೆ ಹಾಕಿದರೂ ಅದನ್ನೇ ಕಾಪಿ ಮಾಡಿ ಅಂಟಿಸುವುದು. ನೀಲಿ ಚೌಕುಳಿ ಸೀರೆಗೂ ಅದೇ, ಮಗ್ಗದ ವಿಡಿಯೋಗೂ ಅದೇ, ಸೀರೆ ಉಟ್ಟುಕೊಂಡ ಗಿರಾಕಿಯ ಫೋಟೋಗೂ ಅದೇ. ಪೂರಾ 30. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೋಸ್ಟ್‌ಗೆ ಅಷ್ಟು ಹಾಕಲು ಬಹಳ ವರ್ಷ ಅವಕಾಶ ಇತ್ತು. 3ರಿಂದ 5 ಸಾಕು ಎಂದು ಅವರೇ 2021ರಲ್ಲಿ ಸಲಹೆ ಕೊಟ್ಟಿದ್ದರು. 2025ರ ಡಿಸೆಂಬರ್‌ನಲ್ಲಿ ಮಿತಿಯನ್ನೇ 5ಕ್ಕೆ ಇಳಿಸಿದರು.

ಆ ಮೂವತ್ತನ್ನೂ ಒಂದು ಶೀಟ್‌ಗೆ ಹಾಕಿ ಬೇರೆ ಬೇರೆ ಮಾಡಿದೆವು. ಒಂದು ಗುಂಪು ಇಡೀ ಲೋಕಕ್ಕೆ ಸೇರಿದ್ದು: ಲವ್, ಇನ್‌ಸ್ಟಾಗುಡ್, ಫ್ಯಾಷನ್, ಇಂಡಿಯಾ. ಇದರಲ್ಲಿ ಸೀರೆಗೆ ಸಂಬಂಧಪಟ್ಟದ್ದು ಏನೂ ಇಲ್ಲ. ಇನ್ನೊಂದು ಗುಂಪು ಬೇಡುವುದು: ನನ್ನನ್ನು ಫಾಲೋ ಮಾಡಿ, ನಾನು ನಿಮ್ಮನ್ನು ಮಾಡುತ್ತೇನೆ ಎನ್ನುವಂಥವು. ಅದರಿಂದ ಬರುವವರು ಸೀರೆ ನೋಡಲು ಬರುವುದಿಲ್ಲ.

ಮೂರನೇ ಗುಂಪು ನನಗೆ ಬೇಸರ ತಂದದ್ದು. ಕಾಂಜೀವರಂ, ಬನಾರಸಿ, ಇಳಕಲ್ ಎಲ್ಲ ಅದರಲ್ಲಿದ್ದವು. ಅವು ಹೆಸರುವಾಸಿ, ಜನ ಹುಡುಕುತ್ತಾರೆ ಎಂದು ಯಾರೋ ಅಕ್ಕನಿಗೆ ಹೇಳಿದ್ದರಂತೆ. ಕಾಂಜೀವರಂ ಹುಡುಕುವವರಿಗೆ ಬೇಕಾದ್ದು ರೇಷ್ಮೆ, ಜರಿ. ಅವರ ಕಣ್ಣಿಗೆ ಹಗುರವಾದ ಹತ್ತಿ ಸೀರೆ ಬಿದ್ದರೆ ಮುಂದಕ್ಕೆ ಸರಿಸುತ್ತಾರೆ. ಯಾರು ನಿಂತು ನೋಡಿದರು, ಯಾರು ಸರಿಸಿದರು ಎಂಬುದನ್ನು ಆ್ಯಪ್ ಗಮನಿಸುತ್ತಲೇ ಇರುತ್ತದೆ. ಅಂದರೆ ತಪ್ಪು ಜನರನ್ನು ಕರೆದು ತಂದರೆ ಪೋಸ್ಟ್‌ಗೇ ನಷ್ಟ. ಅದಕ್ಕಿಂತ ದೊಡ್ಡ ಮಾತು, ಅದು ಸುಳ್ಳು. ಉಡುಪಿ ಸೀರೆಗೆ 2016ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಊರಿನದ್ದೇ ವಸ್ತು ಎಂಬ ಅಧಿಕೃತ ಗುರುತು ಸಿಕ್ಕಿದೆ. ಅದಕ್ಕೆ ತನ್ನದೇ ಹೆಸರು ಇರುವಾಗ ಬೇರೆ ಊರಿನ ಹೆಸರನ್ನು ಯಾಕೆ ಹಚ್ಚಬೇಕು?

ಮೂವತ್ತರಲ್ಲಿ ಉಳಿಸಿಕೊಳ್ಳಬಹುದಾದವು ಕೈಬೆರಳಿನಲ್ಲಿ ಎಣಿಸುವಷ್ಟು.

ಟ್ಯಾಗ್ ಮಾಡುವ ಕೆಲಸ

ಇದನ್ನು ಅಕ್ಕನಿಗೆ ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಯಿತು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಎಂಬವರು ಟ್ವಿಟರ್‌ನಲ್ಲಿ ಒಂದು ಸಲಹೆ ಇಟ್ಟರು. ಒಂದೇ ವಿಷಯದ ಮಾತುಗಳನ್ನು ಗುಂಪು ಮಾಡಲು # ಗುರುತು ಬಳಸಿದರೆ ಹೇಗೆ ಎಂದು ಕೇಳಿದರು. ಬಾರ್‌ಕ್ಯಾಂಪ್ ಎಂಬ ಕೂಟದ ಹೆಸರನ್ನು ಉದಾಹರಣೆಗೆ ಕೊಟ್ಟರು. 2009ರಲ್ಲಿ ಟ್ವಿಟರ್ ಆ ಗುರುತಿಗೆ ಲಿಂಕ್ ಕೊಟ್ಟಿತು. ಇನ್‌ಸ್ಟಾಗ್ರಾಮ್‌ಗೆ 2011ರ ಜನವರಿಯಲ್ಲಿ, ಫೇಸ್‌ಬುಕ್‌ಗೆ 2013ರ ಜೂನ್‌ನಲ್ಲಿ ಬಂತು.

ಶುರುವಿನಿಂದಲೂ ಅದರ ಕೆಲಸ ಒಂದೇ, ಒಂದೇ ಥರದ್ದನ್ನು ಒಂದೇ ಕಡೆ ಸೇರಿಸುವುದು. ಜವಳಿ ಅಂಗಡಿಯ ಕಪಾಟಿಗೆ ಅಂಟಿಸಿದ ಚೀಟಿಯ ಹಾಗೆ. ಚೀಟಿ ಸರಿ ಇದ್ದರೆ ಹುಡುಕುವವರ ಕೈ ಅಲ್ಲಿಗೇ ಹೋಗುತ್ತದೆ. ಚೀಟಿ ಜಾಸ್ತಿ ಅಂಟಿಸಿದ ಮಾತ್ರಕ್ಕೆ ಗಿರಾಕಿ ಜಾಸ್ತಿ ಆಗುವುದಿಲ್ಲ. ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಕೂಡ ಹ್ಯಾಶ್‌ಟ್ಯಾಗ್ ಹಾಕಿದ್ದರಿಂದ ನೋಡುವವರು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ ಎಂದು ಹಲವು ಸಲ ಹೇಳಿದ್ದಾರೆ. ಪೋಸ್ಟ್ ಯಾವುದರ ಬಗ್ಗೆ ಎಂದು ತಿಳಿಯಲು, ಹುಡುಕಿದಾಗ ಸಿಗಲು ಅದು ನೆರವಾಗುತ್ತದೆ, ಅಷ್ಟೆ. ಬೇಕಾದ ಟ್ಯಾಗನ್ನೇ ಫಾಲೋ ಮಾಡುವ ಸೌಲಭ್ಯ 2017ರ ಡಿಸೆಂಬರ್‌ನಲ್ಲಿ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದರು. ಹಾಗಾಗಿ ಹಳೇ ವಿಡಿಯೋಗಳಲ್ಲಿ ಸಿಗುವ ಉಪಾಯಗಳಲ್ಲಿ ಎಷ್ಟೋ ಈಗ ನಡೆಯುವುದಿಲ್ಲ.

ಹಾಗಾದರೆ ಈ ರಿಪೇರಿಗೆ ಯಾಕೆ ಇಷ್ಟು ಕಷ್ಟಪಡಬೇಕು? ದೊಡ್ಡಮ್ಮನಿಗೆ ಲಕ್ಷ ಜನ ಬೇಡ. ಒಂದು ಮಗ್ಗದಲ್ಲಿ ಎಷ್ಟು ಸೀರೆ ಆದೀತು? ಕೈಮಗ್ಗದ ಹತ್ತಿ ಸೀರೆಯನ್ನೇ ಹುಡುಕುತ್ತಾ ಕೂತಿರುವ ಕೆಲವರು ಸಿಕ್ಕಿದರೆ ಸಾಕು. ಅಂಥವರ ಕಣ್ಣಿಗೆ ಬೀಳಲು ಚೀಟಿ ಸರಿ ಇರಬೇಕು.

ಪದಗಳ ಪಟ್ಟಿ

ನಾವು ಟ್ಯಾಗ್ ತಯಾರಿಸಿ ಕೊಡುವ ಆ್ಯಪ್‌ಗಳ ಗೋಜಿಗೆ ಹೋಗಲಿಲ್ಲ. ಅಕ್ಕನ ವಾಟ್ಸ್ಆ್ಯಪ್ ತೆರೆದೆವು. ಹಿಂದೆ ಸೀರೆ ಕೊಂಡವರು, ಕೇಳಿ ಸುಮ್ಮನಾದವರು ಕಳಿಸಿದ ಮೆಸೇಜ್‌ಗಳನ್ನು ಒಂದೊಂದೇ ಓದಿದೆವು. ಹೆಸರು, ನಂಬರ್ ಬಿಟ್ಟು ಅವರು ಬಳಸಿದ ಪದಗಳನ್ನು ಮಾತ್ರ ಬರೆದುಕೊಂಡೆವು. ಬೇಸಿಗೆಗೆ ಆಗುವ ಸೀರೆ. ಸ್ಕೂಲಿಗೆ ಉಡುವಂಥದ್ದು. ಹಗುರ ಉಂಟಾ? ಕೈಮಗ್ಗದ್ದೇನಾ, ಮಿಲ್‌ನದ್ದಾ? ಅಮ್ಮ ಉಡ್ತಿದ್ದ ಥರದ ಚೌಕುಳಿ. ಬಣ್ಣ ಹೋಗ್ತದಾ?

ಆಮೇಲೆ ದೊಡ್ಡಮ್ಮನ ಪದಗಳನ್ನು ಬರೆದೆವು. ಹಾಸು, ಹೊಕ್ಕು, ಲಾಳಿ, ಅಂಚು, ಸೆರಗು, ಬುಟ್ಟಾ. 60ರ ನೂಲು, 80ರ ನೂಲು (ಸಂಖ್ಯೆ ಹೆಚ್ಚಿದಷ್ಟು ನೂಲು ಸಪೂರ). ಇವನ್ನು ಸೀರೆ ಕೊಳ್ಳುವವರು ಹುಡುಕುವುದು ಕಡಿಮೆ. ಆದರೆ ನೇಯ್ಗೆ ಕಲಿಯುವವರು, ಕೈಮಗ್ಗದ ಬಗ್ಗೆ ಓದಿಕೊಂಡವರು ಇದನ್ನೇ ಹುಡುಕುತ್ತಾರೆ. ಅವರು ಒಂದು ಸಲ ಬಂದರೆ ಹೋಗುವುದಿಲ್ಲ, ನಾಲ್ಕು ಜನಕ್ಕೆ ಹೇಳುತ್ತಾರೆ. ಹಾಗಾಗಿ ಈ ಪದಗಳು ಮಗ್ಗದ ವಿಡಿಯೋಗೆ, ಆ ಪದಗಳು ಸೀರೆಯ ಫೋಟೋಗೆ ಎಂದು ಎರಡು ಪಾಲು ಮಾಡಿದೆವು.

ಪಟ್ಟಿಯ ಪ್ರತಿಯೊಂದು ಪದವನ್ನೂ ಇನ್‌ಸ್ಟಾಗ್ರಾಮ್‌ನ ಹುಡುಕುವ ಜಾಗದಲ್ಲಿ ಹಾಕಿ ನೋಡಿದೆವು. ಆ ಟ್ಯಾಗ್‌ನಲ್ಲಿ ಎಷ್ಟು ಪೋಸ್ಟ್ ಇವೆ ಎಂದು ಅಲ್ಲಿ ಕಾಣಿಸುತ್ತದೆ. ಎಲ್ಲರೂ ನೋಡುವುದು ಆ ಸಂಖ್ಯೆಯನ್ನು. ನನ್ನ ಪ್ರಕಾರ ಸಂಖ್ಯೆಗಿಂತ ಅದರ ಕೆಳಗೆ ಕಾಣುವ ಫೋಟೋಗಳು ಮುಖ್ಯ. ಅಲ್ಲಿರುವುದು ನಮ್ಮಂಥ ವಸ್ತುವೇ? ಅದರ ಕೆಳಗೆ ಮಾತಾಡುತ್ತಿರುವವರು ನಮ್ಮ ಸೀರೆ ಕೊಳ್ಳಬಹುದಾದವರೇ? ಈ ಎರಡಕ್ಕೂ ಹೌದು ಎಂದಾದರೆ ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ಬರೀ ‘ಉಡುಪಿ’ ಎಂಬ ಟ್ಯಾಗ್. ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ತೆರೆದರೆ ಮಸಾಲೆ ದೋಸೆ, ರಥಬೀದಿ, ಮಲ್ಪೆ ಬೀಚು, ಸೇಂಟ್ ಮೇರೀಸ್ ದ್ವೀಪ. ದೇಶದ ಮೂಲೆಮೂಲೆಯ ಉಡುಪಿ ಹೋಟೆಲ್‌ಗಳ ಇಡ್ಲಿ ಸಾಂಬಾರ್. ಅದರ ನಡುವೆ ಒಂದು ಸೀರೆ ಏನು ಮಾಡೀತು? ‘ಉಡುಪಿ’ ಮತ್ತು ‘ಸೀರೆ’ ಸೇರಿಸಿದ ಟ್ಯಾಗ್ ತುಂಬಾ ಚಿಕ್ಕದು. ಆದರೆ ಅದನ್ನು ತೆರೆಯುವವರಿಗೆ ಬೇಕಾದ್ದು ಉಡುಪಿ ಸೀರೆಯೇ. ಅದು ಎಲ್ಲ ಸೀರೆ ಪೋಸ್ಟ್‌ಗೂ ಖಾಯಂ ಆಯಿತು.

ಇಂಗ್ಲಿಷಿನಲ್ಲಿ ಸೀರೆಯ ಕೊನೆಗೆ ಎರಡು ‘ಇ’ ಬರೆಯುವವರೂ ಇದ್ದಾರೆ, ಒಂದು ‘ಐ’ ಬರೆದು ಮುಗಿಸುವವರೂ ಇದ್ದಾರೆ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೊದಲನೆಯದು, ಅದನ್ನೇ ಇಟ್ಟುಕೊಂಡೆವು. ದೊಡ್ಡಕ್ಷರ, ಚಿಕ್ಕಕ್ಷರಕ್ಕೆ ಟ್ಯಾಗ್ ಬದಲಾಗುವುದಿಲ್ಲ. ಆದರೂ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡುವುದು ಒಳ್ಳೆಯದು. ಕಣ್ಣು ಕಾಣದವರು ಫೋನಿನಲ್ಲಿ ಓದಿಸಿ ಕೇಳುವಾಗ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕಣ್ಣಿದ್ದವರಿಗೂ ಗೊಂದಲ ತಪ್ಪುತ್ತದೆ. 2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಓಡಾಡಿದ #nowthatchersdead ಎಂಬ ಟ್ಯಾಗ್‌ನಲ್ಲಿ ಪದಗಳನ್ನು ತಪ್ಪು ಜಾಗದಲ್ಲಿ ಬಿಡಿಸಿ ಓದಿದ ಎಷ್ಟೋ ಜನ ಹಾಡುಗಾರ್ತಿ ಶೆರ್ ತೀರಿಕೊಂಡರು ಎಂದು ಗಾಬರಿಯಾದರು. ಹೊಸ ಟ್ಯಾಗ್ ಮಾಡಿದರೆ ಬೇರೆಯವರ ಹತ್ತಿರ ಒಂದು ಸಲ ಗಟ್ಟಿಯಾಗಿ ಓದಿಸಬೇಕು.

ಒಂದೇ ಊರು, ಐದು ಹೆಸರು

ಊರಿನ ಟ್ಯಾಗ್ ಸುಲಭ ಅಂದುಕೊಂಡರೆ ಮಂಗಳೂರಿನ ವಿಷಯದಲ್ಲಿ ಅದು ಸುಲಭ ಇಲ್ಲ. ಕನ್ನಡದಲ್ಲಿ ಮಂಗಳೂರು. ತುಳುವಿನಲ್ಲಿ ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಲ. ಬ್ಯಾರಿಯಲ್ಲಿ ಮೈಕಾಲ. ಇಂಗ್ಲಿಷಿನ ಹಳೇ ಮ್ಯಾಂಗಲೋರ್ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಆಯಿತು, ಆದರೆ ಹಳೇ ಹೆಸರು ಜನರ ಬೆರಳಿನಿಂದ ಹೋಗಿಲ್ಲ.

ಐದರಲ್ಲಿ ಯಾವುದು? ಐದನ್ನೂ ಹಾಕಿದರೆ ಬೇರೆ ಯಾವುದಕ್ಕೂ ಜಾಗ ಇಲ್ಲ. ಪ್ರತಿ ಹೆಸರಿನ ಹಿಂದೆ ಯಾರಿದ್ದಾರೆ ಎಂದು ನೋಡಿದೆವು. ಕುಡ್ಲ ಎಂದು ಹುಡುಕುವವರು ಊರಿನ ಮೇಲೆ ಪ್ರೀತಿ ಇರುವ ತುಳುವರು, ಊರಲ್ಲಿದ್ದರೂ ಸರಿ, ಗಲ್ಫ್‌ನಲ್ಲಿದ್ದರೂ ಸರಿ. ಮಗ್ಗದ ಸದ್ದು, ದೊಡ್ಡಮ್ಮನ ತುಳು ಮಾತು ಇರುವ ವಿಡಿಯೋಗೆ ಅದು ಸರಿ. ಮುಂಬೈಯಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮವರಿಗೆ ಬಾಯಿಗೆ ಬರುವುದು ಮ್ಯಾಂಗಲೋರ್. ಸೀರೆ ಮಾರಾಟದ ಪೋಸ್ಟ್‌ಗೆ ಅದನ್ನು ಇಟ್ಟೆವು. ಕೊಡಿಯಾಲ, ಮೈಕಾಲ ನಮ್ಮ ಮನೆಯ ಭಾಷೆಯ ಹೆಸರುಗಳಲ್ಲ. ಆ ಮಾತಿನವರು ಸೀರೆ ಉಟ್ಟು ತಾವೇ ಹಾಕಿದರೆ ಚೆಂದ.

ಲೊಕೇಶನ್ ಬೇರೆ, ಹ್ಯಾಶ್‌ಟ್ಯಾಗ್ ಬೇರೆ. ಪೋಸ್ಟ್ ಹಾಕುವಾಗ ಜಾಗ ಸೇರಿಸಿ ಎಂದು ಕೇಳುತ್ತದಲ್ಲ, ಅಲ್ಲಿ ಊರು ಆರಿಸಿದರೆ ಐದರ ಲೆಕ್ಕದಲ್ಲಿ ಒಂದೂ ಖರ್ಚಾಗುವುದಿಲ್ಲ. ಅಕ್ಕ ಅದನ್ನು ಯಾವತ್ತೂ ಮುಟ್ಟಿರಲಿಲ್ಲ. ಈಗ ಪ್ರತಿ ಪೋಸ್ಟ್‌ಗೂ ಹಾಕುತ್ತಾಳೆ. ಮನೆಯ ಜಾಗ ಅಲ್ಲ, ಊರಿನದು ಮಾತ್ರ.

ಕನ್ನಡ ಅಕ್ಷರದ ಟ್ಯಾಗ್: ನಿಜವಾದ ದೋಷ ಸಿಕ್ಕಿದ್ದು ಇಲ್ಲಿ

ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡ ಅಕ್ಷರದ ಟ್ಯಾಗ್ ನಡೆಯುತ್ತದೆ. ಐದರಲ್ಲಿ ಒಂದಾದರೂ ಕನ್ನಡದ್ದು ಇರಬೇಕು ಎಂಬುದು ನನ್ನ ಹಟ. ಇಲ್ಲಿ ಪೈಪೋಟಿ ಕಡಿಮೆ, ಮತ್ತು ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವವರಿಗೆ ಏನು ಬೇಕೆಂದು ಸ್ಪಷ್ಟವಾಗಿ ಗೊತ್ತಿರುತ್ತದೆ.

ಹಳೇ ಪೋಸ್ಟ್‌ಗಳಲ್ಲಿ ಕನ್ನಡದ ಮಂಗಳೂರು ಟ್ಯಾಗ್ ಇತ್ತು. ನನ್ನ ಫೋನಿನಲ್ಲಿ ಮಂಗಳೂರು ಎಂದು ಹುಡುಕಿದರೆ ಒಂದು ಪುಟ ತೆರೆಯುತ್ತಿತ್ತು. ಅಕ್ಕನ ಪೋಸ್ಟ್‌ನ ಟ್ಯಾಗ್ ಒತ್ತಿದರೆ ಇನ್ನೊಂದು ಪುಟ, ಅದರಲ್ಲಿ ಪೋಸ್ಟ್‌ಗಳೇ ಕಡಿಮೆ. ಕಣ್ಣಿಗೆ ಎರಡೂ ಒಂದೇ. ಒಂದೊಂದೇ ಅಕ್ಷರ ಅಳಿಸುತ್ತಾ ಹೋದಾಗ ಗುಟ್ಟು ಹೊರಬಿತ್ತು. ಅಕ್ಕನ ಟ್ಯಾಗ್‌ನಲ್ಲಿ ಇದ್ದದ್ದು ಅನುಸ್ವಾರ ಅಲ್ಲ, ಕನ್ನಡ ಅಂಕಿಯ ಸೊನ್ನೆ!

ಇಲ್ಲಿ ಎರಡನ್ನೂ ಬರೆಯುತ್ತೇನೆ. ಮಂಗಳೂರು. ಮ೦ಗಳೂರು. ಮೊದಲನೆಯದರಲ್ಲಿ ಅನುಸ್ವಾರ ಇದೆ, ಎರಡನೆಯದರಲ್ಲಿ ಸೊನ್ನೆ. ಎಷ್ಟೋ ಫಾಂಟ್‌ಗಳಲ್ಲಿ ಇವನ್ನು ಬೇರೆ ಮಾಡಿ ನೋಡಲು ಆಗುವುದೇ ಇಲ್ಲ. ಆದರೆ ಕಂಪ್ಯೂಟರಿಗೆ ಇವು ಪೂರ್ತಿ ಬೇರೆ ಅಕ್ಷರಗಳು. ಕಂಪ್ಯೂಟರ್ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಎರಡಕ್ಕೂ ಬೇರೆ ಬೇರೆ ನಂಬರ್ ಉಂಟು. ಟ್ಯಾಗ್‌ನೊಳಗೆ ಅಂಕಿ ಬರಬಹುದು, ಹಾಗಾಗಿ ಆ್ಯಪ್ ತಪ್ಪು ಎಂದು ಹೇಳುವುದಿಲ್ಲ. ನೀಲಿ ಬಣ್ಣಕ್ಕೆ ತಿರುಗುತ್ತದೆ, ಒತ್ತಿದರೆ ತೆರೆಯುತ್ತದೆ. ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಆದರೆ ನಮ್ಮ ಸೀರೆ ಮಾತ್ರ ಯಾರೂ ಹೋಗದ ಪುಟದಲ್ಲಿ ಕೂತಿರುತ್ತದೆ. ಯಾವುದೋ ಹಳೇ ಬರಹದಿಂದ ಕಾಪಿ ಮಾಡಿದಾಗ ಇದು ಬಂದು ಸೇರಿಕೊಂಡಿತ್ತು. ನಮ್ಮ ಜಿಲ್ಲೆಯ ಹೆಸರಿನಲ್ಲಿ ಅನುಸ್ವಾರ ಇಲ್ಲ. ಆದರೆ ಮಂಗಳೂರು, ಕುಂದಾಪುರ, ಬಂಟ್ವಾಳ, ಅಂಚು, ಬಣ್ಣದ ಗುಲಾಬಿ ರಂಗು, ಎಲ್ಲದರಲ್ಲೂ ಉಂಟು.

ಪರೀಕ್ಷೆ ಮಾಡುವುದು ಹೀಗೆ. ಪದದ ಒಳಗೆ ಕರ್ಸರ್ ಇಟ್ಟು ಮೆಲ್ಲ ಸರಿಸಿ. ಅನುಸ್ವಾರವಾದರೆ ‘ಮಂ’ ಒಂದೇ ಅಕ್ಷರದ ಹಾಗೆ ದಾಟುತ್ತದೆ. ಸೊನ್ನೆಯಾದರೆ ‘ಮ’ ಆದ ಮೇಲೆ ಒಮ್ಮೆ ನಿಂತು ಮುಂದೆ ಹೋಗುತ್ತದೆ. ಸಂಶಯ ಇದ್ದರೆ ಕಾಪಿ ಮಾಡಬೇಡಿ, ನಿಮ್ಮ ಕೀಬೋರ್ಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ. ಹುಡುಕುವವರೂ ಅಂಥದ್ದೇ ಕೀಬೋರ್ಡ್‌ನಲ್ಲಿ ಟೈಪ್ ಮಾಡುವುದಲ್ವಾ?

ಇನ್ನೊಂದು ತೊಡಕು ಒತ್ತಕ್ಷರದ್ದು. ‘ಹೋಮ್‌ಮೇಡ್’ ಎಂಬ ಪದ ನೋಡಿ. ಮಧ್ಯದಲ್ಲಿ ‘ಮ್’ ಮತ್ತು ‘ಮೇ’ ಅಂಟಿಕೊಳ್ಳದ ಹಾಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ. ಅದನ್ನು ತೆಗೆದರೆ ‘ಹೋಮ್ಮೇಡ್’ ಆಗುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರ ಕೀಬೋರ್ಡ್‌ನಲ್ಲಿ ಅದು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಅಂದರೆ ಒಂದೇ ಪದ ಎರಡು ಬೇರೆ ಟ್ಯಾಗ್ ಆಗಿ ಒಡೆದುಹೋಗುತ್ತದೆ. ಕೈಮಗ್ಗಕ್ಕೆ ‘ಹ್ಯಾಂಡ್‌ಲೂಮ್’ ಎಂದು ಕನ್ನಡದಲ್ಲಿ ಬರೆದರೂ ಇದೇ ಕಥೆ.

ಇದಕ್ಕೆ ಪರಿಹಾರ ಕನ್ನಡದಲ್ಲೇ ಇದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಉಡುಪಿ, ಸೀರೆ, ಹತ್ತಿ, ನೇಯ್ಗೆ, ಮಗ್ಗ. ಇವನ್ನು ಒಂದರ ಪಕ್ಕ ಒಂದು ಇಟ್ಟರೆ ಯಾವ ತೊಡಕೂ ಇಲ್ಲದೆ ಕೂಡಿಕೊಳ್ಳುತ್ತವೆ: #ಉಡುಪಿಸೀರೆ, #ಕೈಮಗ್ಗಸೀರೆ, #ಹತ್ತಿಸೀರೆ. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದಕ್ಕಿಂತ ಕನ್ನಡದ್ದೇ ಪದ ಇಟ್ಟರೆ ಟ್ಯಾಗ್ ಗಟ್ಟಿ. ನಡುವೆ ಗೆರೆ ಬೇಕೆಂದರೆ ಕೆಳಗೆರೆ (_) ಮಾತ್ರ. ಅಡ್ಡಗೆರೆ (-), ಚುಕ್ಕೆ, ಖಾಲಿ ಜಾಗ ಬಂದರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಕೆಳಗೆರೆ ಇರುವುದು, ಇಲ್ಲದಿರುವುದು ಎರಡು ಬೇರೆ ಟ್ಯಾಗ್ ಎಂಬುದೂ ನೆನಪಿರಲಿ.

ಐದು ಜಾಗಗಳ ಹಂಚಿಕೆ

ಕೊನೆಗೆ ಬಂದ ಅಳತೆ ಇದು. ಒಂದು ಜಾಗ ವಸ್ತುವಿಗೆ, ಅದು ಯಾವಾಗಲೂ ಉಡುಪಿ ಸೀರೆ. ಒಂದು ಕೈಮಗ್ಗದ್ದು. ಒಂದು ಊರಿನದ್ದು. ಒಂದು ಆ ಪೋಸ್ಟ್‌ಗೆ ಮಾತ್ರ ಹೊಂದುವಂಥದ್ದು: ಚೌಕುಳಿ, ಬುಟ್ಟಾ, ಬೇಸಿಗೆ, ನೇಯ್ಗೆ, ಹೀಗೆ ಏನಾದರೂ. ಐದನೆಯದು ನಮ್ಮದೇ ಸ್ವಂತ ಟ್ಯಾಗ್. ಇವುಗಳಲ್ಲಿ ಕನ್ನಡ ಎಷ್ಟು, ಇಂಗ್ಲಿಷ್ ಎಷ್ಟು ಎಂಬುದು ಪೋಸ್ಟ್ ನೋಡಿ ಬದಲಾಗುತ್ತದೆ.

ಅಕ್ಕ ಬ್ಲೌಸ್‌ಗೆ ಮಿಲ್ ಬಟ್ಟೆಯನ್ನೂ ಮಾರುತ್ತಾಳೆ. ಆ ಪೋಸ್ಟ್‌ಗೆ ಕೈಮಗ್ಗದ ಟ್ಯಾಗ್ ಇಲ್ಲವೇ ಇಲ್ಲ, ಉಡುಪಿ ಸೀರೆಯದ್ದೂ ಇಲ್ಲ. ಇದು ದೊಡ್ಡಮ್ಮನ ಕಡ್ಡಾಯ. ಕೈಮಗ್ಗದ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಮಾರುವವರಿಂದ ನೇಕಾರರಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಅವರಿಗೆ ಗೊತ್ತು. ಗಿರಾಕಿಗೆ ಅಸಲಿ ಯಾವುದೆಂದು ತಿಳಿಯಲಿ ಎಂದೇ ಸರ್ಕಾರ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ತಂದದ್ದು. ಬಟ್ಟೆಯ ಮೇಲೆ ಹೇಳಬಾರದ್ದನ್ನು ಟ್ಯಾಗ್‌ನಲ್ಲೂ ಹೇಳಬಾರದು.

ಟ್ಯಾಗ್ ಐದಕ್ಕೆ ಇಳಿದ ಮೇಲೆ ಉಳಿದ ಪದಗಳಿಗೆಲ್ಲ ಕೆಲಸ ಸಿಕ್ಕಿದ್ದು ಬರಹದಲ್ಲಿ. ಈಗ ಹುಡುಕಾಟ ಫೋಟೋ ಕೆಳಗಿನ ಮಾತುಗಳನ್ನೂ ಓದುತ್ತದೆ. ಮೊದಲು ಅಕ್ಕ ಬರೆಯುತ್ತಿದ್ದದ್ದು ಒಂದು ಹೂವಿನ ಚಿತ್ರ, ‘ಹೊಸದು ಬಂದಿದೆ’, ಅಷ್ಟೆ. ಈಗ ಬರೆಯುವುದು ಹೀಗೆ: “ಬೇಸಿಗೆಗೆ ಹಗುರವಾದ ಉಡುಪಿ ಸೀರೆ. ಕೈಮಗ್ಗದ ಹತ್ತಿ, 80ರ ನೂಲು. ನೀಲಿ ಚೌಕುಳಿ, ಕೆಂಪು ಅಂಚು. ಗಂಜಿ ಹಾಕಿ ಉಟ್ಟರೆ ದಿನವಿಡೀ ನಿಲ್ಲುತ್ತದೆ.” ಕೆಳಗೆ ಅದೇ ಮಾತು ಚುಟುಕಾಗಿ ಇಂಗ್ಲಿಷಿನಲ್ಲಿ. ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಇದರಲ್ಲಿ ಉತ್ತರವಾಗಿ ಬಂದವು. ಪುಟದ ಹೆಸರಿನ ಜಾಗದಲ್ಲೂ ‘ಉಡುಪಿ ಕೈಮಗ್ಗ ಸೀರೆ’ ಎಂದು ಸೇರಿಸಿದೆವು. ಆ ಹೆಸರೂ ಹುಡುಕಾಟಕ್ಕೆ ಸಿಗುತ್ತದೆ. ಸೆಟ್ಟಿಂಗ್‌ನಲ್ಲಿ ಆಲ್ಟ್ ಟೆಕ್ಸ್ಟ್ ಎಂದು ಒಂದು ಜಾಗ ಉಂಟು, ಅದು ಕಣ್ಣು ಕಾಣದವರಿಗೆ ಫೋಟೋ ವಿವರಿಸಲು. ಅಲ್ಲಿ ಟ್ಯಾಗ್ ತುರುಕಬಾರದು. ಸೀರೆಯ ಬಣ್ಣ, ಅಂಚು, ಸೆರಗು ಹೇಗಿದೆ ಎಂದು ಎರಡು ಮಾತು ಬರೆದರೆ ಸಾಕು.

2025ರ ಜುಲೈನಿಂದ ವ್ಯಾಪಾರದ ಖಾತೆಗಳ ಸಾರ್ವಜನಿಕ ಪೋಸ್ಟ್‌ಗಳು ಗೂಗಲ್‌ನಲ್ಲೂ ಸಿಗುವ ವ್ಯವಸ್ಥೆ ಬಂದಿದೆ. ಹಾಗಾಗಿ ಬರಹಕ್ಕೆ ಇನ್ನೂ ಬೆಲೆ. ಖಾತೆ ಪ್ರೈವೇಟ್ ಆಗಿದ್ದರೆ ಮಾತ್ರ ಇದ್ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ. ಫಾಲೋವರ್‌ಗಳನ್ನು ಬಿಟ್ಟು ಹೊರಗಿನವರಿಗೆ ಟ್ಯಾಗ್ ಕಾಣುವುದೇ ಇಲ್ಲ.

ಸ್ವಂತ ಟ್ಯಾಗ್, ರಟ್ಟಿನ ಚೀಟಿ

ಸ್ವಂತ ಟ್ಯಾಗ್‌ನಿಂದ ಹೊಸಬರು ಬರುವುದಿಲ್ಲ. ಯಾರಿಗೂ ಗೊತ್ತಿಲ್ಲದ ಪದವನ್ನು ಯಾರು ಹುಡುಕುತ್ತಾರೆ? ಆದರೆ ಸೀರೆ ಕೊಂಡವರ ಫೋಟೋಗಳನ್ನು ಒಂದೇ ಕಡೆ ಸೇರಿಸಲು ಅದು ಬೇಕು. ಬೇರೆ ಯಾರೂ ಬಳಸಿರಬಾರದು, ಫೋನಿನಲ್ಲಿ ಒಂದೇ ಏಟಿಗೆ ಟೈಪ್ ಆಗಬೇಕು, ಕೇಳಿದ ತಕ್ಷಣ ಬರೆಯಲು ಬರಬೇಕು. ಮನೆಯ ಹೆಸರು ಮತ್ತು ಮಗ್ಗ ಸೇರಿಸಿ ಒಂದು ಮಾಡಿದೆವು. ಮನೆಯ ಹೆಸರು ಇಲ್ಲಿ ಬರೆಯುವುದಿಲ್ಲ.

ಅದನ್ನು ಪುಟ್ಟ ರಟ್ಟಿನ ಮೇಲೆ ಬರೆದು ಪ್ರತಿ ಪಾರ್ಸೆಲ್‌ನೊಳಗೆ ಇಡುತ್ತಿದ್ದೇವೆ. ಒಂದು ಕಡೆ ಸೀರೆ ಒಗೆಯುವ ವಿಧಾನ, ಇನ್ನೊಂದು ಕಡೆ ಟ್ಯಾಗ್. ಒಗೆಯುವ ವಿಧಾನ ಇರುವುದರಿಂದ ಜನ ಆ ರಟ್ಟನ್ನು ಬಿಸಾಡುವುದಿಲ್ಲ. ಯಾರಾದರೂ ಉಟ್ಟುಕೊಂಡು ಫೋಟೋ ಹಾಕಿದರೆ, ಅವರನ್ನು ಕೇಳಿ ಒಪ್ಪಿದ ಮೇಲೆ ಮಾತ್ರ ನಮ್ಮ ಪುಟದಲ್ಲಿ ಹಾಕುತ್ತೇವೆ. ಟ್ಯಾಗ್ ಹಾಕಿದ್ದೇ ಒಪ್ಪಿಗೆ ಎಂದು ತಿಳಿಯಬಾರದು.

ಬೇರೆ ಆ್ಯಪ್‌ಗಳಲ್ಲಿ

ಯೂಟ್ಯೂಬ್‌ನಲ್ಲಿ ವಿವರಣೆಯಲ್ಲಿ ಬರೆದ ಟ್ಯಾಗ್‌ಗಳಲ್ಲಿ ಮೂರರವರೆಗೆ ವಿಡಿಯೋ ಶೀರ್ಷಿಕೆಯ ಹತ್ತಿರ ಕಾಣುತ್ತವೆ, ಆ ಮೂರನ್ನು ಯೋಚಿಸಿ ಹಾಕಬೇಕು. 60 ದಾಟಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಥ್ರೆಡ್ಸ್‌ನಲ್ಲಿ ಒಂದು ಪೋಸ್ಟ್‌ಗೆ ಒಂದೇ ವಿಷಯದ ಟ್ಯಾಗ್. ಫೇಸ್‌ಬುಕ್‌ಗೆ ನಾವು ಎರಡು ಹಾಕುತ್ತೇವೆ, ಅಲ್ಲಿ ಊರಿನ ಗುಂಪುಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಟ್ಯಾಗ್ ಹಾಕಿ ಹೊಸಬರು ಸಿಗುತ್ತಾರೆ ಎಂದು ಕಾಯಬೇಡಿ. ಅದನ್ನು ನೋಡುವವರು ಈಗಾಗಲೇ ನಿಮ್ಮ ಪರಿಚಯದವರೇ.

ದಿನ ನೋಡಿ ಹಾಕುವ ಟ್ಯಾಗ್

ಸೀರೆಗೆ ಒಂದು ಒಳ್ಳೆಯ ಇತಿಹಾಸ ಉಂಟು. 2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು ವರ್ಷದಲ್ಲಿ ನೂರು ಸಲ ಸೀರೆ ಉಡುವ ಒಪ್ಪಂದ ಮಾಡಿಕೊಂಡು ‘ಹಂಡ್ರೆಡ್ ಸಾರಿ ಪ್ಯಾಕ್ಟ್’ ಎಂಬ ಟ್ಯಾಗ್ ಶುರು ಮಾಡಿದರು. ಪ್ರತಿ ಸೀರೆಯ ಜೊತೆ ಅದರ ಕಥೆ. ಎಷ್ಟೋ ಹೆಂಗಸರು ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಉಟ್ಟು ಬರೆದರು. 2016ರ ಆಗಸ್ಟ್‌ನಲ್ಲಿ ಆಗಿನ ಜವಳಿ ಸಚಿವೆ ಸ್ಮೃತಿ ಇರಾನಿ ‘ಐ ವೇರ್ ಹ್ಯಾಂಡ್‌ಲೂಮ್’ ಟ್ಯಾಗ್‌ನಲ್ಲಿ ಕೈಮಗ್ಗ ಉಟ್ಟ ಫೋಟೋ ಹಾಕಲು ಕರೆ ಕೊಟ್ಟರು, ದೇಶವಿಡೀ ಜನ ಹಾಕಿದರು. ಈ ಎರಡನ್ನೂ ಅಕ್ಕನಿಗೆ ತೋರಿಸಿದ್ದು ಒಂದು ಕಾರಣಕ್ಕೆ. ಅಲ್ಲಿ ಜನ ಸೇರಿದ್ದು ಮಾಡಲು ಒಂದು ಕೆಲಸ ಇತ್ತು ಎಂದು: ಉಡಿ, ಹೇಳಿ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಸ್ವದೇಶಿ ಚಳವಳಿ ಶುರುವಾಯಿತು ಎಂಬ ನೆನಪಿಗೆ 2015ರಿಂದ ಆಚರಿಸುತ್ತಾರೆ. ಆ ದಿನಕ್ಕೆ ದೊಡ್ಡಮ್ಮನ ಮಗ್ಗದ ವಿಡಿಯೋವನ್ನು ಬೇಸಿಗೆಯಲ್ಲೇ ತೆಗೆದಿಟ್ಟೆವು. ಆಗಸ್ಟ್‌ನಲ್ಲಿ ನಮ್ಮ ಕಡೆ ಮಳೆ, ಮಗ್ಗದ ಕೋಣೆಯಲ್ಲಿ ಬೆಳಕೇ ಇರುವುದಿಲ್ಲ. ಪೋಸ್ಟ್ ಆ ದಿನ ಬೆಳಿಗ್ಗೆ ಹಾಕುವುದಕ್ಕಿಂತ ಒಂದೆರಡು ದಿನ ಮೊದಲು ಹಾಕುವುದು ಮೇಲು, ಆ ದಿನ ಪೋಸ್ಟ್‌ಗಳ ರಾಶಿಯೇ ಬೀಳುತ್ತದೆ.

ಉಡುಪಿಯ ಪರ್ಯಾಯ, ವಿಟ್ಲಪಿಂಡಿ, ಮಂಗಳೂರು ದಸರಾ ಬಂದಾಗ ಆ ಟ್ಯಾಗ್‌ಗಳಲ್ಲಿ ಜನ ತುಂಬಿರುತ್ತಾರೆ. ಸೀರೆಯ ಫೋಟೋಗೆ ಅದನ್ನು ಹಚ್ಚೋಣ ಎಂದು ಅಕ್ಕನಿಗೆ ಆಸೆ. ಸಂಬಂಧ ಇದ್ದರೆ ಹಾಕಬಹುದು. ಉಡುಪಿ ಸೀರೆ ಉಟ್ಟು ಅಷ್ಟಮಿಗೆ ಹೋದವರ ಫೋಟೋ ಇದ್ದರೆ ಖಂಡಿತ ಹಾಕಿ. ರಥ ನೋಡಲು ಬಂದವರಿಗೆ ಸುಮ್ನೆ ಮಾರಾಟದ ಫೋಟೋ ತೋರಿಸುವುದು ಬೇಡ.

ಅಳತೆ

ವ್ಯಾಪಾರದ ಖಾತೆಯಾದ್ದರಿಂದ ಇನ್‌ಸೈಟ್ಸ್, ಅಂದರೆ ಪೋಸ್ಟ್ ನೋಡಿದವರ ಲೆಕ್ಕ, ಸಿಗುತ್ತದೆ. ನಾವು ನೋಡುವುದು ಮೂರೇ. ನೋಡಿದವರಲ್ಲಿ ಫಾಲೋ ಮಾಡದವರ ಪಾಲು ಎಷ್ಟು, ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಲೈಕ್ ನೋಡುವುದು ಬಿಟ್ಟೆವು, ಅದು ನೆಂಟರದ್ದು. ಒಂದು ಸಲಕ್ಕೆ ಒಂದೇ ಜಾಗದ ಟ್ಯಾಗ್ ಬದಲಿಸುತ್ತೇವೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದು ಪೋಸ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ. ಫೋಟೋ ಚೆನ್ನಾಗಿದ್ದರೆ ಟ್ಯಾಗ್ ಯಾವುದಿದ್ದರೂ ಓಡುತ್ತದೆ.

ಬದಲಾವಣೆ ಕಾಣುತ್ತಿದೆ. ಫಾಲೋ ಮಾಡದವರ ಪಾಲು ಮೊದಲಿಗಿಂತ ಹೆಚ್ಚಿದೆ. ಮಗ್ಗದ ವಿಡಿಯೋ ಸೇವ್ ಮಾಡುವವರು ಜಾಸ್ತಿ, ಸೀರೆಯ ಫೋಟೋ ಕಳಿಸುವವರು ಜಾಸ್ತಿ. ಪರಿಚಯವೇ ಇಲ್ಲದವರಿಂದ ಮೆಸೇಜ್ ಬರಲು ಶುರುವಾಗಿದೆ, ಹೆಚ್ಚಿನವರು ಬೆಂಗಳೂರು, ಮುಂಬೈಯವರು. ಎಲ್ಲಿ ನೋಡಿದಿರಿ ಎಂದು ಅಕ್ಕ ಪ್ರತಿಯೊಬ್ಬರನ್ನೂ ಕೇಳಿ ಶೀಟ್‌ನಲ್ಲಿ ಬರೆಯುತ್ತಾಳೆ. ಹೆಚ್ಚಿನವರು ಹೇಳುವುದು ಉಡುಪಿ ಸೀರೆ ಅಂತ ಹುಡುಕಿದೆ ಎಂದು. ಟ್ಯಾಗ್‌ನಿಂದಲೋ, ಬರಹದಿಂದಲೋ ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ, ಎರಡರಲ್ಲೂ ಅದೇ ಪದ ಇದೆ.

ಇನ್ನು ಉಳಿದಿರುವುದು ಹಳೇ ಪೋಸ್ಟ್‌ಗಳು. ಮಾರಾಟವಾಗಿ ಹೋದ ಸೀರೆಗಳದ್ದು ಹಾಗೇ ಇರಲಿ ಎಂದು ಬಿಟ್ಟಿದ್ದೇವೆ. ಮತ್ತೆ ನೇಯುವ ವಿನ್ಯಾಸಗಳ ಪೋಸ್ಟ್‌ಗಳಲ್ಲಿ ಕಾಂಜೀವರಂ ತೆಗೆದು, ಸೊನ್ನೆ ಇದ್ದಲ್ಲಿ ಅನುಸ್ವಾರ ಇಟ್ಟು, ಬರಹ ಸೇರಿಸುತ್ತಾ ಅಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದಾಳೆ. ಬಣ್ಣಗಳಿಗೆ ಏನು ಹೆಸರು ಬರೆಯುವುದು ಎಂಬುದು ಮಾತ್ರ ಇತ್ಯರ್ಥ ಆಗಿಲ್ಲ. ದೊಡ್ಡಮ್ಮ ‘ಗಿಳಿಹಸಿರು’ ಅನ್ನುತ್ತಾರೆ, ಗಿರಾಕಿಗಳು ಇಂಗ್ಲಿಷಿನಲ್ಲಿ ‘ಪ್ಯಾರಟ್ ಗ್ರೀನ್’ ಎಂದು ಕೇಳುತ್ತಾರೆ. ಸದ್ಯಕ್ಕೆ ಎರಡೂ ಬರಹದಲ್ಲಿವೆ, ಟ್ಯಾಗ್‌ನಲ್ಲಿ ಗಿಳಿಹಸಿರು ಮಾತ್ರ.